ಶಾಕ್ ಮುಂದೆ, ಹುಳ ಹಿಂದೆ

ನಮ್ಮ ಕಡೆ ಎತ್ತು ಕೊಳ್ಳುವಾಗ ಹಲ್ಲು ನೋಡುತ್ತಾರೆ, ಸುಳಿ ನೋಡುತ್ತಾರೆ, ಕೊನೆಗೆ ಉಳುವವನನ್ನು ಒಂದು ಮಾತು ಕೇಳುತ್ತಾರೆ. ಸೈಕಲ್ ಕೊಳ್ಳುವಾಗ ಮಾತ್ರ ತುಳಿಯುವವನನ್ನು ಬಿಟ್ಟು ಊರಿನವರನ್ನೆಲ್ಲ ಕೇಳುತ್ತಾರೆ. ನನಗೆ ಅದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಚಾಕಿ ಹೊರುವ ಕೆಲಸ ಹಿಡಿದೆ. ಚಾಕಿ ಅಂದರೆ ರೇಷ್ಮೆಯ ಮರಿಹುಳ. ಚಿಂತಾಮಣಿಯ ಹೊರಗೆ ಶಿಡ್ಲಘಟ್ಟದ ರಸ್ತೆಯಲ್ಲಿ ಒಂದು ಚಾಕಿ ಮನೆ ಇತ್ತು. ಅದರ ಯಜಮಾನರು ಶಿಡ್ಲಘಟ್ಟದ ಸಾಹೇಬರು, ಅಜ್ಜನ ಕಾಲದಿಂದ ರೇಷ್ಮೆಯಲ್ಲೇ ಇದ್ದ ಮನೆಯವರು. ಅಲ್ಲಿ ಮೊಟ್ಟೆ ಒಡೆಸಿ, ಮರಿಹುಳ ಎರಡನೇ ಜ್ವರಕ್ಕೆ ಕೂರುವ ತನಕ ಸಾಕಿ, ಆಮೇಲೆ ರೈತರಿಗೆ ಕಳಿಸುತ್ತಿದ್ದರು. ಜ್ವರ ಅಂದರೆ ಕಾಯಿಲೆ ಅಲ್ಲ. ಚರ್ಮ ಬಿಡುವ ಮುಂಚೆ ಹುಳ ಸೊಪ್ಪು ತಿನ್ನುವುದು ನಿಲ್ಲಿಸಿ, ತಲೆ ಎತ್ತಿಕೊಂಡು ಅಲ್ಲಾಡದೆ ಕೂತುಬಿಡುತ್ತದೆ. ಅದನ್ನೇ ಜ್ವರ ಅನ್ನುವುದು. ಆಗ ಸೊಪ್ಪು ಹಾಕುವ ತಾಪತ್ರಯ ಇಲ್ಲ, ಸಾಗಿಸುವುದಕ್ಕೆ ಅದೇ ಸಮಯ. ಆದರೆ ಕುಲುಕಬಾರದು. ಕಾಲೂರಿ ಕೂತ ಹುಳ ಕಿತ್ತುಹೋದರೆ ಹಳೇ ಚರ್ಮ ಬಿಡಲಾಗದೆ ಅದರೊಳಗೇ ಸಾಯುತ್ತದೆ.

ನನ್ನ ಪಾಲಿಗೆ ಬಂದದ್ದು ಅಂಬಾಜಿದುರ್ಗದ ಬುಡದ ಹಳ್ಳಿಗಳು. ಅರ್ಧ ದಾರಿ ಟಾರು. ಅಲ್ಲಿಂದ ಮುಂದೆ ಬಂಡಿ ಜಾಡು, ಜಾಡು ಮುಗಿದ ಮೇಲೆ ಬರೀ ಕಲ್ಲು. ನನ್ನ ಕರೀ ಸೈಕಲ್ಲು ಅಷ್ಟೂ ದಿನ ಅದನ್ನು ತಡೆದುಕೊಂಡಿತ್ತು. ಒಂದು ಬೆಳಿಗ್ಗೆ ಕಲ್ಲಿನ ಸಂದಿಯಲ್ಲಿ ಮುಂದಿನ ಚಕ್ರ ಸಿಕ್ಕಿ ಫೋರ್ಕು ಮುರಿಯಿತು. ನಾನು ಒಂದು ಕಡೆ, ಹುಳದ ಟ್ರೇಗಳು ಕತ್ತಾಳೆ ಬೇಲಿಯಲ್ಲಿ ಒಂದು ಕಡೆ. ಆ ರೈತನ ಬೆಳೆ ಹೋಯಿತು.

ಸಾಹೇಬರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

"ನೋಡಪ್ಪ, ಹುಳ ಸತ್ರೆ ರೈತ ನನ್ ಬಾಗ್ಲಿಗೆ ಬರ್ತಾನೆ, ನಿನ್ ಸೈಕಲ್ ಹತ್ರ ಹೋಗಲ್ಲ. ಮುಂದಿನ ಚಾಕಿಗೆ ಸರಿಯಾದ್ ಗಾಡಿ ತಗೊಂಡ್ ಬಾ. ಇಲ್ದಿದ್ರೆ ಬೆಟ್ಟದ ಲೈನು ಮೊಪೆಡ್ ಹುಡುಗನಿಗೆ ಕೊಡ್ತೀನಿ."

"ಮೊಪೆಡ್ಡು ಅಲ್ಲಿ ಬಿಟ್ಕೊಳಲ್ಲ ಸಾಹೇಬ್ರೇ. ಪೆಟ್ರೋಲ್ ವಾಸ್ನೆ ಹುಳಕ್ಕಾಗಲ್ಲ ಅಂತಾರೆ."

"ದೂರ ನಿಲ್ಸಿ ತಲೆ ಮೇಲೆ ಹೊತ್ಕೊಂಡ್ ಹೋಗ್ತಾನೆ. ತಲೆಗೇನು ಫೋರ್ಕ್ ಇದ್ಯಾ, ಮುರಿಯಕ್ಕೆ?"

ಬೆಟ್ಟದ ಲೈನು ಹೋದರೆ ನನಗೆ ಉಳಿಯುವುದು ಚಾಕಿ ಮನೆಯಲ್ಲಿ ಸೊಪ್ಪು ಕತ್ತರಿಸುವ ಕೆಲಸ. ಬೆಳಿಗ್ಗೆಯಿಂದ ಸಂಜೆ ತನಕ ಒಂದೇ ಕಡೆ ಕೂತು ಮಚ್ಚು ಆಡಿಸುವುದು ನನ್ನಿಂದಾಗುವ ಕೆಲಸವಲ್ಲ.

ನನಗೆ ಬೇಕಾದದ್ದು ಏನು ಅಂತ ನನಗೆ ಗೊತ್ತಿತ್ತು. ಆಗ ದಪ್ಪ ಟೈರಿನ, ನೇರ ಹ್ಯಾಂಡಲಿನ, ಮುಂದಿನ ಫೋರ್ಕಿನಲ್ಲಿ ಸ್ಪ್ರಿಂಗ್ ಇರುವ ಸೈಕಲ್ಲುಗಳು ಬಂದಿದ್ದವು. ಶಾಕ್ ಸೈಕಲ್ ಅನ್ನುತ್ತಿದ್ದರು. ಹೋಗಿ ಒಂದನ್ನು ತುಳಿದು ನೋಡಿ ತಂದರೆ ಮುಗಿಯಿತು. ಆದರೆ ನಮ್ಮಪ್ಪ ಬಾಯಿ ಬಿಟ್ಟ.

"ಅಳಿಯಂದ್ರು ಬರ್ಲಿ. ಅವ್ರ ಕೈ ಮುಟ್ಟಿಸಿ ತರಣ."

ಅಕ್ಕನನ್ನು ಗೌರಿಬಿದನೂರಿಗೆ ಕೊಟ್ಟಾಗಿನಿಂದ ನಮ್ಮ ಮನೆಗೆ ಚಕ್ರ ಇರುವ ಯಾವುದೂ ಭಾವನ ಕೈ ಮುಟ್ಟದೆ ಬಂದಿಲ್ಲ. ಮದುವೆಯಲ್ಲಿ ಯಾವುದೋ ಮರ್ಯಾದೆ ಕಡಿಮೆಯಾಯಿತು ಅಂತ ಭಾವ ಮುನಿಸಿಕೊಂಡಿದ್ದನಂತೆ, ಅವತ್ತಿನಿಂದ ಅಪ್ಪ ಹಿಡಿದ ಪದ್ಧತಿ. ಬಂಡಿಗೆ ಭಾವ. ಅಮ್ಮನ ಹೊಲಿಗೆ ಮೆಷಿನ್ನಿಗೂ ಚಕ್ರ ಇದೆಯಲ್ಲ, ಅದಕ್ಕೂ ಭಾವ. ಅವನು ಅಲ್ಲಿ ಒಂದು ಮಿಲ್ಲಿನ ಆಫೀಸಿನಲ್ಲಿದ್ದ. ಮನೆಯಿಂದ ಮಿಲ್ಲಿಗೆ ನಡೆದು ಹೋಗುತ್ತಿದ್ದ. ಸೈಕಲ್ ತುಳಿಯುವುದನ್ನು ನಾನಂತೂ ನೋಡಿಲ್ಲ.

ಬಂದ. ಇಸ್ತ್ರಿ ಅಂಗಿ, ಎದೆ ಜೇಬಿನಲ್ಲಿ ಪೆನ್ನು. ಮೊದಲು ಚಿಂತಾಮಣಿಯ ಅಂಗಡಿಗೆ ಹೋದೆವು. ಅಂಗಡಿಯವನು ನನ್ನ ಮುಖ ನೋಡಲೇ ಇಲ್ಲ, ಪೆನ್ನು ನೋಡಿ ಭಾವನ ಹತ್ತಿರ ಮಾತು ಶುರು ಮಾಡಿದ. ಮುಂದೆಯೂ ಸ್ಪ್ರಿಂಗು, ಸೀಟಿನ ಕೆಳಗೂ ಸ್ಪ್ರಿಂಗು ಇದ್ದ ಒಂದು ಹಳದಿ ಸೈಕಲ್ಲನ್ನು ಹೊರಗೆ ತಂದು ನಿಲ್ಲಿಸಿದ.

"ಡಬಲ್ ಶಾಕ್ ಸಾರ್. ಕೂತ್ಕೊಂಡ್ರೆ ಸೋಫಾ."

ಭಾವ ಸೀಟನ್ನು ಅಂಗೈಯಲ್ಲಿ ಅದುಮಿದ. ಅದು ಕೆಳಗೆ ಹೋಗಿ ಮೇಲೆ ಬಂತು. ಇನ್ನೊಂದು ಸಲ ಅದುಮಿದ. ಖುಷಿಯಾಯಿತು ಅಂತ ಕಾಣುತ್ತದೆ, ಮೂರನೇ ಸಲವೂ ಅದುಮಿದ.

"ಇದೇ ಆಗ್ಲಿ" ಅಂದ.

ನಾನು ಅಂಗಡಿಯವನನ್ನು ಕೇಳಿದೆ, "ಕ್ಯಾರಿಯರ್ ಎಲ್ಲಿ ಹಾಕ್ತೀರಾ ಇದಕ್ಕೆ?"

"ಇದು ಕ್ಯಾರಿಯರ್ ಹಾಕೋ ಸೈಕಲ್ ಅಲ್ಲಪ್ಪ."

"ಮತ್ತೆ ಹುಳ ಎಲ್ಲಿ ಇಟ್ಕೊಳ್ಳಿ, ಜೇಬಲ್ಲಾ?"

ಅವನಿಗೆ ಅರ್ಥವಾಗಲಿಲ್ಲ. ನಾನು ಸೈಕಲ್ ಇಸಕೊಂಡು ಬೀದಿಯ ಏರು ಹತ್ತಿಸಿದೆ. ತುಳಿದಷ್ಟೂ ಹಿಂದಿನ ಸ್ಪ್ರಿಂಗ್ ಕುಣಿಯಿತು. ನನ್ನ ಕಾಲಿನ ಶಕ್ತಿಯೆಲ್ಲ ಚಕ್ರಕ್ಕೆ ಹೋಗದೆ ಆ ಸ್ಪ್ರಿಂಗಿಗೆ ಹೋಯಿತು. ಏರಿನ ತುದಿಗೆ ಹೋಗುವ ಹೊತ್ತಿಗೆ ಏದುಸಿರು. ಖಾಲಿ ಸೈಕಲ್ಲೇ ಹೀಗಾದರೆ ಹೊರೆ ಹಾಕಿದರೆ ಏನು ಗತಿ? ಇದನ್ನು ಯಾರಿಗೆ ಅಂತ ಮಾಡಿದ್ದಾರೋ ನನಗೆ ತಿಳಿಯದು. ಅಂಗಡಿ ಮುಂದೆ ನಿಂತು ಸೀಟು ಅದುಮುವವರಿಗೇ ಇರಬೇಕು.

ಚಿಕ್ಕಬಳ್ಳಾಪುರದಲ್ಲಿ ಇನ್ನೂ ಚೆಂದ. ಅಲ್ಲಿ ನನಗೆ ಬೇಕಾದ ಬಗೆಯದೇ ಇತ್ತು, ಮುಂದೆ ಶಾಕ್, ಹಿಂದೆ ಗಟ್ಟಿ. ಪೆಡಲಿನ ಹತ್ತಿರ ಹಲ್ಲುಚಕ್ರ ಮೂರು, ಹಿಂದೆ ಆರು. ಹ್ಯಾಂಡಲಿನಿಂದ ನಾಲ್ಕು ತಂತಿ ಹಾವಿನ ಮರಿಗಳ ಹಾಗೆ ಇಳಿದಿದ್ದವು. ತಂತಿ ಜಾಸ್ತಿ ಆದಷ್ಟೂ ಕೆಡುವುದು ಜಾಸ್ತಿ. ಬೆಟ್ಟದ ಕೆಳಗೆ ತಂತಿ ಕಿತ್ತರೆ ಯಾರು ಹಾಕುತ್ತಾರೆ? ಅದು ಹೋಗಲಿ ಅಂತ, ಮಣ್ಣಿನಲ್ಲಿ ಒಂದು ಸುತ್ತು ಹಾಕಿ ಬರುತ್ತೇನೆ ಅಂದೆ.

"ಮಣ್ಣಲ್ಲಿ ಬೇಡ. ಹೊಸ ಟೈರು, ಮಣ್ಣಾಗುತ್ತೆ" ಅಂದ ಅಂಗಡಿಯವನು.

ಟೈರಿನ ಮೇಲೆ ಬೆರಳು ಗಾತ್ರದ ಗುಬಟು ಇದೆ. ಗೋಡೆಯಲ್ಲಿ ಬೆಟ್ಟ ಹತ್ತುವ ಸೈಕಲ್ಲಿನ ಚಿತ್ರ ಅಂಟಿಸಿದ್ದಾನೆ. ಮಣ್ಣಲ್ಲಿ ಮಾತ್ರ ಓಡಿಸಬಾರದು. ಹಾಗಾದರೆ ಆ ಚಿತ್ರ ಯಾಕೆ ಅಂದೆ, ಇನ್ನೇನೋ ಅನ್ನುವಷ್ಟರಲ್ಲಿ ಭಾವ ನನ್ನ ತೋಳು ಹಿಡಿದು ಹೊರಗೆ ಎಳೆದುಕೊಂಡು ಬಂದ.

"ಅಂಗಡಿಯವ್ರ ಹತ್ರ ಹಿಂಗಾ ಮಾತಾಡೋದು? ನನ್ ಮರ್ಯಾದೆ ಏನಾಗ್ಬೇಕು ಕಣೋ?"

"ಭಾವ, ತುಳಿಯೋನು ನಾನು."

"ತುಳಿಯೋದು ಯಾರಾದ್ರೂ ತುಳೀತಾರೆ. ಆರ್ಸೋದು ಬೇರೆ."

ಈ ಮಾತನ್ನು ಅವನು ಮನಸ್ಸಿನಿಂದಲೇ ಹೇಳಿದ. ಅದೇ ನನಗೆ ತಡೆಯಲಾಗದ್ದು.

ಕೊನೆಗೆ ಸೈಕಲ್ ಸಿಕ್ಕಿದ್ದು ಗೌರಿಬಿದನೂರಿನಲ್ಲೇ, ಭಾವನಿಗೆ ಗೊತ್ತಿದ್ದ ಅಂಗಡಿಯಲ್ಲಿ. ಬೂದು ಬಣ್ಣ, ಯಾರೂ ಕೇಳದೆ ಮೂಲೆಯಲ್ಲಿ ನಿಂತಿತ್ತು. ಮುಂದೆ ಮಾತ್ರ ಶಾಕ್. ಗೇರು ಹಿಂದೆ ಮಾತ್ರ. ಟೈರಿನ ನಡುವೆ ಒಂದೇ ಗೆರೆ ಏಣು, ಅಂಚಿನಲ್ಲಿ ಗುಬಟು. ಅಂದರೆ ಟಾರಿನ ಮೇಲೆ ಏಣು ಉರುಳುತ್ತದೆ, ಮಣ್ಣಲ್ಲಿ ಗುಬಟು ಹಿಡಿಯುತ್ತದೆ. ಕಂಬಿಯ ಎರಡು ಕಡೆ ಕಾಲು ಹಾಕಿ ನಿಂತೆ, ಎರಡು ಪಾದವೂ ನೆಲಕ್ಕೆ ಪೂರ್ತಿ ಊರಿದವು. ಕಲ್ಲಿನಲ್ಲಿ ತಟ್ಟನೆ ಕಾಲು ಕೊಡಬೇಕಾದವನಿಗೆ ಇದು ಮುಖ್ಯ. ಹಿಂದಿನ ಚಕ್ರದ ನಟ್ಟಿಗೆ ನಾನು ಜೊತೆಗೆ ತಂದಿದ್ದ ಹಳೇ ಕ್ಯಾರಿಯರ್ ಕೂರುತ್ತದೆ ಅಂತ ಕಣ್ಣಲ್ಲೇ ಗೊತ್ತಾಯಿತು.

ಭಾವ ಸೀಟು ಅದುಮಿದ. ಅದು ಅಲುಗಲಿಲ್ಲ.

"ಇದೇನೋ ಅರ್ಧಂಬರ್ಧ. ಶಾಕ್ ಇರೋದು ಮುಂದೆ, ಹುಳ ಕೂರೋದು ಹಿಂದೆ. ನಿನ್ ಕೈಗೆ ಸೋಫಾ, ಹುಳಕ್ಕೆ ಕಲ್ಲು. ಏನ್ ಬುದ್ಧಿನಪ್ಪ ನಿಂದು?"

ಅಷ್ಟು ದಿನದಲ್ಲಿ ಅವನು ಆಡಿದ ಒಂದೇ ಒಂದು ತೂಕದ ಮಾತು ಅದು. ನನಗೂ ಆ ಯೋಚನೆ ಬಂದಿತ್ತು. ಆದರೂ ಹೇಳಿದೆ, "ಕಲ್ಲಿಗೆ ಮೊದ್ಲು ಹೊಡಿಯೋದು ಮುಂದಿನ ಚಕ್ರ. ಹ್ಯಾಂಡಲ್ ಕೈ ಬಿಟ್ಟು ಹೋದ್ರೆ ಹುಳ, ನಾನು ಎರಡೂ ಬೇಲೀಲಿ ಇರ್ತೀವಿ. ಹಿಂದಿನ ಚಕ್ರನ ಗಾಳೀಲಿ ನೋಡ್ಕೋತೀನಿ."

"ಗಾಳೀಲಿ ನೋಡ್ಕೋತಾನಂತೆ" ಅಂತ ಅಂಗಡಿಯವನ ಕಡೆ ತಿರುಗಿ ನಕ್ಕ ಭಾವ. ಇಬ್ಬರೂ ನಕ್ಕರು. ಆದರೂ ಕೈ ಮುಟ್ಟಿಸಿದ. ಅಪ್ಪ ಹೇಳಿದ್ದ ಶಾಸ್ತ್ರ ಮುಗಿಯಿತು.

ಸೈಕಲ್ಲನ್ನು ಬಸ್ಸಿನ ಮೇಲೆ ಹಾಕು ಅಂದರು. ನಾನು ಕೇಳಲಿಲ್ಲ, ತುಳಿದುಕೊಂಡೇ ಹೊರಟೆ. ಅಕ್ಕ ಅಮ್ಮನಿಗೆ ಅಂತ ನಾಟಿ ಕೋಳಿ ಮೊಟ್ಟೆಗಳನ್ನು ಬೂಸಾ ತುಂಬಿದ ಡಬ್ಬಿಯಲ್ಲಿ ಹೂತು ಕೊಟ್ಟಿದ್ದಳು. ಕ್ಯಾರಿಯರನ್ನು ಅಂಗಡಿಯಲ್ಲೇ ಕೂರಿಸಿಕೊಂಡಿದ್ದೆ, ಡಬ್ಬಿಯನ್ನು ಅದಕ್ಕೆ ಬಿಗಿದೆ. ಟಾರಿನ ಮೇಲೆ ಸೈಕಲ್ ಸಲೀಸಾಗಿ ಹೋಯಿತು. ಚಿಕ್ಕಬಳ್ಳಾಪುರದ ಹತ್ತಿರ, ಕಲ್ಲಲ್ಲಿ ನೋಡೋಣ ಅಂತ, ಕಳವಾರದ ಕಡೆ ತಿರುಗಿಸಿ ಅಲ್ಲಿನ ಬೆಟ್ಟದ ಬುಡದ ಕಲ್ಲು ಜಾಡಿಗೆ ಇಳಿಸಿದೆ. ಟೈರಿನಲ್ಲಿ ಗಾಳಿ ಬಿಗಿಯಾಗಿತ್ತು. ಸ್ವಲ್ಪ ದೂರ ಹೋಗಿ ಡಬ್ಬಿ ಬಿಚ್ಚಿದರೆ ಕೆಲವು ಮೊಟ್ಟೆ ಒಡೆದು ಬೂಸಾ ಅಂಟು ಅಂಟು. ಹಿಂದಿನ ಟೈರಿನ ಗಾಳಿ ಬಿಟ್ಟೆ, ಹೆಬ್ಬೆರಳು ಒತ್ತಿದರೆ ಸ್ವಲ್ಪ ತಗ್ಗುವಷ್ಟು. ಅದೇ ಜಾಡಿನಲ್ಲಿ ಹೋಗಿ ಬಂದೆ. ಉಳಿದ ಮೊಟ್ಟೆಗಳು ಹಾಗೇ ಇದ್ದವು. ಟಾರಿಗೆ ಬಂದು ಮತ್ತೆ ಪಂಪು ಹೊಡೆದೆ. ಇಷ್ಟೇ ವಿಷಯ. ಮೂರು ಊರಿನ ಅಂಗಡಿಗಳಲ್ಲಿ ಇದನ್ನು ಒಬ್ಬನೂ ಹೇಳಿರಲಿಲ್ಲ. ಹೇಳಿದ್ದೆಲ್ಲ ಬಣ್ಣ, ಸ್ಟಿಕ್ಕರು, ಸೋಫಾ.

ಚಾಕಿಯ ದಿನ ಬಂತು. ಬೆಳಿಗ್ಗೆ ತಂಪಿನಲ್ಲೇ ಟ್ರೇಗಳನ್ನು ಒಂದರ ಮೇಲೊಂದು ಇಟ್ಟು ಹಳೇ ಟ್ಯೂಬಿನಿಂದ ಕ್ಯಾರಿಯರಿಗೆ ಬಿಗಿದೆ. ಮೇಲೆ ಹೊದಿಸುವುದಕ್ಕೆ ಗೋಣಿ ಒದ್ದೆ ಮಾಡಿ ತರೋಣ ಅಂತ ಚಾಕಿ ಮನೆಯ ಹಿಂದಿನ ತೊಟ್ಟಿಗೆ ಹೋದೆ. ಸಾಹೇಬರು ಶಿಡ್ಲಘಟ್ಟಕ್ಕೆ ಗೂಡಿನ ಮಾರುಕಟ್ಟೆಗೆ ಹೋಗಿದ್ದರು.

ಗೋಣಿ ಹಿಂಡಿಕೊಂಡು ಬಂದು ನೋಡುತ್ತೇನೆ, ಭಾವ. ಮೊದಲನೇ ಬಸ್ಸಿಗೇ ಬಂದು ಇಳಿದಿದ್ದಾನೆ. ಹ್ಯಾಂಡಲಿಗೆ ಹೂವು, ಚಕ್ರದ ಕೆಳಗೆ ನಿಂಬೆಹಣ್ಣು. ಮೇಲಿನ ಟ್ರೇಯ ಮೂಲೆಯ ಸಂದಿಯಲ್ಲಿ ಒಂದು ಹಿಡಿ ಊದುಬತ್ತಿ ಚುಚ್ಚಿದ್ದಾನೆ, ಬುಸುಬುಸು ಹೊಗೆ. ತೆಂಗಿನಕಾಯಿ ಮೇಲೆ ಕರ್ಪೂರ ಉರಿಯುತ್ತಿದೆ, ಟ್ರೇಗಳ ಸುತ್ತ ಆರತಿ ಎತ್ತುತ್ತಿದ್ದಾನೆ.

ನನಗೆ ಭಾವನ ಮೇಲೆ ಬಂದ ಕೋಪಕ್ಕಿಂತ ಚಾಕಿ ಮನೆಯ ಆಳುಗಳ ಮೇಲೆ ಬಂದ ಕೋಪ ದೊಡ್ಡದು. ಕಾಂಪೌಂಡಿನ ಆಚೆ ಒಬ್ಬ ಬೀಡಿ ಹಚ್ಚಿದರೆ ಕಲ್ಲು ಹೊಡೆಯುವ ಜನ ಅವರು. ಚಾಕಿ ಇರುವ ದಿನ ಮನೆಯಲ್ಲಿ ಬೆಳ್ಳುಳ್ಳಿ ಒಗ್ಗರಣೆ ಹಾಕುವುದಿಲ್ಲ. ಅವರೇ ಸಾಲಾಗಿ ಕೈ ಮುಗಿದು ನಿಂತು ಮಂಗಳಾರತಿ ತಗೊಳ್ಳುತ್ತಿದ್ದರು. ಬೀಡಿಯದು ಹೊಗೆ. ದೇವರದು ಹೊಗೆ ಅಲ್ಲ.

ಊದುಬತ್ತಿ ಕಿತ್ತು ದೂರ ಎಸೆದೆ.

"ಏಯ್, ಅಪಶಕುನ ಕಣೋ" ಅಂದ ಭಾವ. "ಹೊಸಾ ಗಾಡಿ, ಪೂಜೆ ಇಲ್ದೆ ಬೆಟ್ಟ ಹತ್ತಿಸ್ತೀಯಾ?"

"ಹುಳ ಇದಾವೆ ಭಾವ ಅದ್ರಲ್ಲಿ."

"ಹುಳಕ್ಕೂ ಒಳ್ಳೇದೇ ಆಗ್ಲಿ ಅಂತಾನೇ ಮಾಡಿದ್ದು."

ಮಾತಾಡುತ್ತ ನಿಂತರೆ ಬಿಸಿಲು ಏರುತ್ತದೆ. ಗೋಣಿ ಹೊದಿಸಿ ಹೊರಟೆ. ಟಾರು ಮುಗಿದಲ್ಲಿ ಗಾಳಿ ಬಿಟ್ಟೆ, ಕಲ್ಲಿಗೆ ಇಳಿದೆ. ಮುಂದಿನ ಶಾಕ್ ಕಲ್ಲು ಕಲ್ಲಿಗೂ ಕುಗ್ಗಿ ಎದ್ದಿತು. ಕರೀ ಸೈಕಲ್ಲು ಮುರಿದ ಜಾಗದಲ್ಲಿ ಕೈ ಒಂದಿಷ್ಟೂ ತಪ್ಪಲಿಲ್ಲ. ಸೈಕಲ್ ನಾನು ಎಣಿಸಿದ ಹಾಗೇ ಇತ್ತು. ಆದರೆ ಖುಷಿ ಎಲ್ಲಿಂದ ಬರಬೇಕು, ಉಸಿರು ಎಳೆದರೆ ಕರ್ಪೂರ.

ಆ ದಿನದ ಚಾಕಿ ಅಷ್ಟೂ ಒಬ್ಬ ಮುದುಕಿಯ ಮನೆಗೆ. ತೆಲುಗು ಮನೆಮಾತಿನವಳು, ನಾವೆಲ್ಲ ಅವ್ವ ಅನ್ನುತ್ತಿದ್ದೆವು. ಆ ಬೆಟ್ಟದ ಬುಡದಲ್ಲಿ ಹುಳ ಸಾಕುವವರೆಲ್ಲ ಅವಳು ಯಾರ ಚಾಕಿ ತಗೊಂಡಳು ಅಂತ ನೋಡಿ ತಾವೂ ತಗೊಳ್ಳುತ್ತಿದ್ದರು. ಅವಳು ಬೇಡ ಅಂದರೆ ನನ್ನ ಲೈನು ಮುಗಿದ ಹಾಗೆ. ನಾನು ಬೇಲಿ ದಾಟುವ ಮುಂಚೆಯೇ ಅವಳು ಕೈ ಅಡ್ಡ ಹಿಡಿದಳು.

"ವದ್ದು ನಾಯನಾ, ವದ್ದು. ಒಳಗ್ ತರಬೇಡ. ಹುಳ ತಂದ್ಯೋ ಗುಡಿ ತಂದ್ಯೋ?"

"ಹುಳಾನೇ ಅವ್ವ. ಹೊಸಾ ಸೈಕಲ್ಲು, ನಮ್ ಭಾವ ಪೂಜೆ ಮಾಡ್ಬಿಟ್ಟ."

"ಪೂಜೆ ಸೈಕಲ್‌ಗಾದ್ರೆ ಸೈಕಲ್‌ಗೆ ಮಾಡ್ಬೇಕು. ಹುಳಕ್ಕೆ ಯಾಕಪ್ಪ ಹೊಗೆ ಹಾಕಿದ್ರು, ಅವೇನು ಸೊಳ್ಳೇನಾ?"

"ನಾನ್ ಇಲ್ದಾಗ ಮಾಡಿದ್ದು ಅವ್ವ."

"ನೀನಿದ್ಯೋ ಇಲ್ವೋ ಹುಳಕ್ಕೇನು ಗೊತ್ತು. ವಾಪಸ್ ತಗೊಂಡ್ ಹೋಗು."

ವಾಪಸ್ಸು ಹೋಗುವ ದಾರಿಯಲ್ಲಿ ಬಿಸಿಲಿಗೇ ಹುಳ ಸಾಯುತ್ತವೆ. ಅದು ಅವಳಿಗೂ ಗೊತ್ತಿತ್ತು. ನಾನು ಅಲ್ಲಿಂದ ಅಲ್ಲಾಡಲಿಲ್ಲ. ಆಮೇಲೆ ಅವಳು ಹೊಂಗೆ ಮರದ ಕೆಳಗೆ ಕೈ ತೋರಿಸಿದಳು.

"ಅಲ್ಲಿ ಮಂಚ ಐತೆ. ಅದ್ರ ಮೇಲೆ ಇಡು. ಜ್ವರ ಎದ್ದು ಸೊಪ್ಪು ಹಿಡಿದ್ರೆ ಒಳಕ್ ತಗೋತೀನಿ. ಹಿಡೀಲಿಲ್ಲ ಅಂದ್ರೆ ನಿಮ್ ಸಾಹೇಬ್ರಿಗೆ ಹೇಳು, ಇನ್ಮೇಲೆ ಬೇರೆ ಕಡೆಯಿಂದ ತರಿಸ್ಕೋತೀನಿ."

ಜ್ವರ ಏಳುವುದು ಮಾರನೇ ದಿನಕ್ಕೆ. ನಾನು ಅಲ್ಲೇ ಉಳಿದೆ. ಇರುವೆ ಹತ್ತದ ಹಾಗೆ ಮಂಚದ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸಿದೆ. ನೆರಳು ಸರಿದ ಹಾಗೆ ಮಂಚವನ್ನು ಕುಲುಕದೆ ಸರಿಸಿದೆ, ಪ್ರತಿ ಸಲ ಬಟ್ಟಲುಗಳನ್ನೂ ಸರಿಸಿದೆ. ಗೋಣಿ ಒಣಗಿದಾಗ ನೀರು ಚಿಮುಕಿಸಿದೆ. ಅವ್ವ ಮುದ್ದೆ ಸಾರು ಕೊಟ್ಟಳು. ಊದುಬತ್ತಿಯ ವಾಸನೆ ಹೋಯಿತೋ ಇಲ್ಲವೋ ಅಂತ ಬಗ್ಗಿ ಬಗ್ಗಿ ಮೂಸಿದೆ. ಮೂಗಿಗೇ ಅಂಟಿಕೊಂಡಿತ್ತು, ಹೇಗೆ ಗೊತ್ತಾಗಬೇಕು?

ಮಾರನೇ ಬೆಳಿಗ್ಗೆ ಅವಳು ಕೈ ಕಾಲು ತೊಳೆದು ಬಂದು ಗೋಣಿ ಎತ್ತಿದಳು. ಹುಳಗಳು ಚರ್ಮ ಬಿಟ್ಟು ತಲೆ ದೊಡ್ಡದು ಮಾಡಿಕೊಂಡು ಹರಿದಾಡುತ್ತಿದ್ದವು. ಅವಳು ಎಳೇ ಸೊಪ್ಪು ಸಣ್ಣಗೆ ಹೆಚ್ಚಿ ಉದುರಿಸಿ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಳು. ನಾನು ನಿಂತೇ ಇದ್ದೆ. ಎಲೆಯ ಅಂಚು ಸ್ವಲ್ಪ ಸ್ವಲ್ಪವೇ ಕಚ್ಚಿದ ಹಾಗೆ ಆಗತೊಡಗಿತು. ಒಂದೊಂದೇ ಟ್ರೇ ಎತ್ತಿ ನೋಡಿದಳು. ಮೇಲಿನ ಟ್ರೇಯ ಒಂದು ಮೂಲೆಯಲ್ಲಿ ಮಾತ್ರ ಒಂದು ಹಿಡಿಯಷ್ಟು ಹುಳ ಎದ್ದಿರಲಿಲ್ಲ. ಅವನ್ನು ಬಳಿದು ಕೋಳಿಗಳ ಮುಂದೆ ಎಸೆದಳು.

"ಕೆಳಗಿನ್ವು ಒಂದೂ ಕದಲಿಲ್ಲ. ಎಲ್ ಕೂತಿದ್ವೋ ಅಲ್ಲೇ ಚರ್ಮ ಬಿಟ್ಟವೆ. ಸೈಕಲ್ ಒಳ್ಳೇದೇ ತಂದಿದೀಯ. ಆ ಮೂಲೆ ನಿಮ್ ಭಾವಂದು."

ಅಷ್ಟರಲ್ಲಿ ಜಾಡಿನಲ್ಲಿ ಮೊಪೆಡ್ಡಿನ ಸದ್ದಾಯಿತು. ನಾನು ವಾಪಸ್ಸು ಬರದಿದ್ದದ್ದಕ್ಕೆ ಸಾಹೇಬರೇ ಆ ಹುಡುಗನ ಹಿಂದೆ ಕೂತು ಹುಡುಕಿಕೊಂಡು ಬಂದಿದ್ದರು. ಅವ್ವ ಅವರನ್ನೂ ಬೇಲಿಯ ಹತ್ತಿರವೇ ತಡೆದಳು.

"ಅದನ್ನ ಅಲ್ಲೇ ಬಿಟ್ಟು ಬನ್ನಿ ಸಾಹೇಬ್ರೇ. ನಿನ್ನೆ ದೇವ್ರ ಹೊಗೆ ಆಯ್ತು, ಇವತ್ತು ಪೆಟ್ರೋಲು. ನನ್ ಹುಳ ಏನ್ ಪಾಪ ಮಾಡವೆ?"

ಸಾಹೇಬರು ನಡೆದು ಬಂದರು. ಟ್ರೇ ನೋಡಿದರು, ಸೊಪ್ಪು ನೋಡಿದರು, ಕೋಳಿಗಳನ್ನೂ ನೋಡಿದರು. ಅವ್ವ ನಡೆದದ್ದನ್ನೆಲ್ಲ ಹೇಳಿ ಕೊನೆಗೆ ಅಂದಳು, "ಇವನ ಕೈಲಿ ಕಳ್ಸಿದ್ರೆ ತಗೋತೀನಿ. ಆ ಬುರ್ ಬುರ್ ಅನ್ನೋದ್ರಲ್ಲಿ ಕಳ್ಸಿದ್ರೆ ಬೇಡ."

"ಆಯ್ತಮ್ಮ, ಇವ್ನೇ ಬರ್ತಾನೆ" ಅಂದರು ಸಾಹೇಬರು. ನನ್ನ ಕಡೆ ತಿರುಗಿ, "ಲೈನು ನಿಂದೇ. ನಿಮ್ ಭಾವನ್ನ ಮಾತ್ರ ನನ್ ಗೇಟ್ ಒಳಗೆ ತರಬೇಡ" ಅಂದರು.

ಇಲ್ಲಿಗೆ ನನ್ನ ಸಿಟ್ಟು ಇಳಿಯಬೇಕಿತ್ತು. ಇಳಿಯಲು ಬಿಡುವವರು ಯಾರು? ಮನೆಗೆ ಹೋದರೆ ಭಾವ ಊರಿಗೆ ಹೋಗದೆ ನಮ್ಮ ಮನೆಯಲ್ಲೇ ಇದ್ದ. ಅಪ್ಪ ಅವನ ಪಕ್ಕದಲ್ಲಿ ಊಟಕ್ಕೆ ಕೂತಿದ್ದ, ಅಮ್ಮ ಅವನ ಎಲೆಗೆ ಎರಡನೇ ಸಲ ಪಾಯಸ ಹಾಕುತ್ತಿದ್ದಳು. ಮೊಪೆಡ್ಡಿನ ಹುಡುಗ ನನಗಿಂತ ಮುಂಚೆ ಬಂದು ಸುದ್ದಿ ಮುಟ್ಟಿಸಿದ್ದನಂತೆ, ಹುಳ ಉಳಿದವು, ಲೈನೂ ಉಳಿಯಿತು ಅಂತ.

"ಅಳಿಯಂದ್ರ ಕೈಗುಣ" ಅಂದ ಅಪ್ಪ. "ಪೂಜೆ ಮಾಡಿದ್ದು ಒಳ್ಳೇದಾಯ್ತು."

"ಸತ್ತ ಹುಳ ಎಲ್ಲಿದ್ವು ಗೊತ್ತೇನಪ್ಪ? ಇವ್ರು ಊದುಬತ್ತಿ ಚುಚ್ಚಿದ್ ಮೂಲೇಲಿ. ಬೇರೆಲ್ಲೂ ಒಂದೂ ಸತ್ತಿಲ್ಲ."

ಭಾವ ತುತ್ತು ಕೈಯಲ್ಲೇ ಹಿಡಿದು ಸ್ವಲ್ಪ ಯೋಚನೆ ಮಾಡಿದ.

"ನೋಡಿದ್ರಾ ಮಾವ, ದೃಷ್ಟಿಯೆಲ್ಲಾ ಬಂದು ಆ ಒಂದು ಮೂಲೇಗೇ ಇಳಿದಿದೆ. ಮಿಕ್ಕಿದ್ದು ಉಳ್ಕೊಳ್ತು."

"ಹೌದಲ್ವಾ ಮತ್ತೆ" ಅಂದ ಅಪ್ಪ.

ಅಮ್ಮ ನನಗೂ ಎಲೆ ಹಾಕಿದಳು. ನಾನು ಕೂರಲಿಲ್ಲ. ಮಾರನೇ ದಿನ ಇನ್ನೊಂದು ಊರಿಗೆ ಚಾಕಿ ಇತ್ತು. ಹೊರಗೆ ಹೋಗಿ ಸೈಕಲ್ಲಿಗೆ ಸುತ್ತಿದ್ದ ಬಾಡಿದ ಹೂವನ್ನು ಕಿತ್ತು ತಿಪ್ಪೆಗೆ ಹಾಕಿದೆ. ಹ್ಯಾಂಡಲಿಗೆ ಮೆತ್ತಿದ್ದ ಅರಿಶಿನ ಕುಂಕುಮವನ್ನು ಒದ್ದೆ ಬಟ್ಟೆಯಲ್ಲಿ ಉಜ್ಜುತ್ತ ಕೂತೆ. ಒಳಗೆ ಭಾವ ಅಪ್ಪನಿಗೆ ಡಬಲ್ ಶಾಕಿನ ವಿಷಯ ಮತ್ತೆ ಮೊದಲಿನಿಂದ ಹೇಳುತ್ತಿದ್ದ.